ನೀರಮ್ಮನಿಗೆ ಹೆಸರಿಟ್ಟವನು

ಗಂಜಿಯಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಗಂಜಿ ಹಾಕಿ ಇಸ್ತ್ರಿ ಹೊಡೆದ ಅಂಗಿಯ ಹಾಗೆ ಸೆಟೆದುಕೊಂಡು ನಡೆಯುತ್ತಿದ್ದವನಿಗೆ ಬೀದಿಯ ಜನ ಕೊಟ್ಟದ್ದು. ಅವನದು ಲಾಂಡ್ರಿ. ಮುಂದೆ ಗಿರಾಕಿಗಳು ನಿಲ್ಲುವ ಕಟ್ಟೆ, ಒಳಗೆ ಇಸ್ತ್ರಿ ಮೇಜುಗಳು, ಹಿಂದೆ ಒಗೆಯುವ ಯಂತ್ರ ಮತ್ತು ಬಿಸಿನೀರಿನ ಬಾಯ್ಲರು, ಮೇಲೆ ತಾರಸಿಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಎಳೆದ ತಂತಿಗಳು. ಅರವತ್ತು ದಾಟಿದ್ದರೂ ದಿನಾ ಬೆಳಿಗ್ಗೆ ಹಾಲಿನಂಥ ಬಿಳಿ ಅಂಗಿ ತೊಟ್ಟೇ ಅಂಗಡಿಗೆ ಇಳಿಯುತ್ತಿದ್ದ. ಸಂಜೆಗೆ ಅದರ ಮೇಲೆ ಒಂದು ಚುಕ್ಕೆ ಬಿದ್ದಿದ್ದರೆ ತೋರಿಸಿ ಎಂದು ಸವಾಲು ಹಾಕುತ್ತಿದ್ದ. ತೋರಿಸಿದವರಿಲ್ಲ. ಕೆಲಸದ ವಿಷಯದಲ್ಲಿ ಅವನ ಕಡೆ ಬೆರಳು ತೋರಿಸುವ ಹಾಗೇ ಇರಲಿಲ್ಲ. ಇದ್ದ ದೋಷವೆಲ್ಲ ನಾಲಿಗೆಯದು.

ಬಟ್ಟೆಯ ಕಲೆ ನೋಡಿ ಬಟ್ಟೆಯವನ ಜಾತಕ ಹೇಳುವುದು ಅವನ ಚಟ. ಬ್ಯಾಂಕಿನ ಮ್ಯಾನೇಜರು ಒಗೆಯಲು ತಂದ ಅಂಗಿ ಹರವಿದರೆ ಸಾಕು, "ಸಾಹೇಬ್ರೇ, ಡಾಕ್ಟ್ರು ಮೊಟ್ಟೆ ಬಿಡಿ ಅಂದಿದ್ರಲ್ವಾ? ನಿಮ್ಮ ತೋಳು ಬೇರೆ ಕಥೆ ಹೇಳ್ತಿದೆ," ಎನ್ನುವನು. ಕಟ್ಟೆಯ ಮುಂದೆ ನಿಂತ ನಾಲ್ಕು ಜನ ನಗುವರು, ಮ್ಯಾನೇಜರೂ ನಗುವರು. ಆದರೆ ಎಲ್ಲ ಕಲೆಯೂ ಮೊಟ್ಟೆಯ ಕಲೆಯಲ್ಲ. ಒಮ್ಮೆ ಒಬ್ಬಂಟಿ ಮುದುಕಿಯೊಬ್ಬಳು ಹಾಸಿಗೆಯ ಹೊದಿಕೆಯನ್ನು ಪೇಪರಿನಲ್ಲಿ ಸುತ್ತಿ ತಂದು, ಬೇರೆ ಗಿರಾಕಿಗಳೆಲ್ಲ ಹೋಗಲಿ ಎಂದು ಕಂಬದ ಮರೆಯಲ್ಲಿ ಕಾದಿದ್ದಳು. ಇವನು ಪೇಪರು ಬಿಚ್ಚಿದವನೇ, "ಏನಜ್ಜಿ, ಮನೇಲಿ ಕೂಸು ಹುಟ್ಟಿದ್ದು ನಮಗೆ ಹೇಳಲೇ ಇಲ್ವಲ್ಲ!" ಎಂದು ಬೀದಿಗೆ ಕೇಳುವ ಹಾಗೆ ಕೂಗಿದ. ಮುದುಕಿ ಹೊದಿಕೆಯನ್ನು ಅಲ್ಲೇ ಬಿಟ್ಟು ಹೋದವಳು ತಿರುಗಿ ಬರಲಿಲ್ಲ. ಅವತ್ತು ಹೆಂಡತಿ ಒಳಗಿಂದ ಬಂದು ಅವನ ಮುಖ ನೋಡಿ, ಆ ಹೊದಿಕೆಯನ್ನು ಎತ್ತಿಕೊಂಡು ಒಳಗೆ ಹೋದಳು. ಇವನಿಗೆ ಅದು ನೆನಪಿನಲ್ಲೂ ಉಳಿಯಲಿಲ್ಲ. ಎಲುಬಿಲ್ಲದ ನಾಲಿಗೆಗೆ ಎಲ್ಲಿ ಹೊರಳಿದೆ ಎಂಬ ನೆನಪು ಎಲ್ಲಿಯದು?

ಊರಿನ ದೊಡ್ಡಾಸ್ಪತ್ರೆಯ ಬೆಡ್‌ಶೀಟು, ದಿಂಬಿನ ಚೀಲ, ಹೊದಿಕೆ ಎಲ್ಲವೂ ಇವನ ಲಾಂಡ್ರಿಗೇ ಬರುತ್ತಿದ್ದವು. ಅದಕ್ಕೊಂದು ಪದ್ಧತಿ ಇತ್ತು. ಹೊಲಸಾದ ಬಟ್ಟೆಯೆಲ್ಲ ಕೆಂಪು ಚೀಲಕ್ಕೆ. ಉಳಿದ ಒಣಬಟ್ಟೆ ಬಿಳಿ ಗಂಟಿಗೆ. ಬಿಳಿ ಗಂಟಿನೊಳಗೆ ಒಂದೇ ಒಂದು ಒದ್ದೆ ಶೀಟು ಸೇರಿಕೊಂಡರೂ ಅದರ ಮೇಲೆ ಕೆಳಗೆ ಇರುವುದೆಲ್ಲ ಬೂಷ್ಟು ಹಿಡಿದು ಕರಿಚುಕ್ಕೆ ಬೀಳುತ್ತದೆ, ಬೂಷ್ಟಿನ ಚುಕ್ಕೆ ಹೋಗಬೇಕಾದರೆ ಬಟ್ಟೆಯ ಆಯುಷ್ಯವೇ ಅರ್ಧ ಹೋಗುತ್ತದೆ. ಮೂರನೇ ವಾರ್ಡಿನ ಗಂಟಿನಲ್ಲಿ ಮಾತ್ರ ವಾರಕ್ಕೊಂದಾದರೂ ತೊಪ್ಪೆಯಾದ ಶೀಟು ಇದ್ದೇ ಇರುತ್ತಿತ್ತು. ಆಸ್ಪತ್ರೆಯ ಬಟ್ಟೆ ಬಿಡಿಸಿ ಬೇರೆ ಮಾಡುವುದು ಮೊದಲಿನಿಂದಲೂ ಹೆಂಡತಿಯ ಪಾಲಿನ ಕೆಲಸ. ಬಿಳಿ ಅಂಗಿಯವನು ಆ ಗಂಟುಗಳ ಹತ್ತಿರ ಸುಳಿಯುತ್ತಿರಲಿಲ್ಲ. ಅವಳು ಒದ್ದೆಯಾದದ್ದನ್ನು ಎತ್ತಿ ನೀರಿಗೆ ಹಾಕಿ, ಬೂಷ್ಟು ಹಿಡಿದದ್ದನ್ನು ಪಕ್ಕಕ್ಕಿಟ್ಟು, "ನೀರು ಬಿದ್ದಿದೆ," ಎಂದಷ್ಟೇ ಹೇಳುತ್ತಿದ್ದಳು.

ಗಂಜಿಯಪ್ಪ ಬಿಡುವ ಆಸಾಮಿಯೇ? ಬೂಷ್ಟು ಹಿಡಿದ ಶೀಟುಗಳನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ ನರ್ಸುಗಳ ಮೇಲ್ವಿಚಾರಕಿ ಮೇಟ್ರನ್ ಮೇಜಿನ ಮೇಲೆ ಧೊಪ್ಪನೆ ಹಾಕುತ್ತಿದ್ದ. "ಅಮ್ಮಾ, ನಿಮ್ಮ ಮೂರನೇ ವಾರ್ಡಿನ ನರ್ಸಮ್ಮ ರೋಗಿಗೆ ಔಷಧಿ ಕುಡಿಸ್ತಾರೋ, ಹಾಸಿಗೆಗೆ ಸ್ನಾನ ಮಾಡಿಸ್ತಾರೋ? ಕೈಗೇನು ತೂತು ಬಿದ್ದಿದೆಯಾ ಅವರಿಗೆ?" ಹೊರಗೆ ಬರುವಾಗ ಕಾರಿಡಾರಿನ ಆಯಾಗಳ ಎದುರು ಆ ನರ್ಸಿಗೆ ಒಂದು ಹೆಸರೂ ಇಟ್ಟ: ನೀರಮ್ಮ. ಅವನು ಆಕೆಯ ಮುಖ ಕಂಡವನಲ್ಲ. ಹೆಸರು ಮಾತ್ರ ಅವನಿಗಿಂತ ಚುರುಕಾಗಿ ಆಸ್ಪತ್ರೆಯೆಲ್ಲ ಓಡಾಡಿತು. ಮನೆಯಲ್ಲಿ ಊಟಕ್ಕೆ ಕೂತಾಗಲೂ, ಬೀಗರು ಬಂದಾಗಲೂ ನೀರಮ್ಮನ ಪುರಾಣ ಒಂದು ಸುತ್ತು ಆಗಲೇಬೇಕು.

ಒಂದು ಬೆಳಿಗ್ಗೆ ಇಸ್ತ್ರಿ ಮೇಜಿನ ಹತ್ತಿರ ನಿಂತು ಕಾಲರು ಮಡಿಸುವುದು ಹೇಗೆಂದು ಕೆಲಸದವರಿಗೆ ತೋರಿಸುತ್ತಿದ್ದ ಗಂಜಿಯಪ್ಪನಿಗೆ ಉಸಿರು ಸಾಲಲಿಲ್ಲ. ಬಾಯ್ಲರಿನ ಹಬೆ ಎಂದುಕೊಂಡು ಬಾಗಿಲಿಗೆ ಬಂದ. ಹೊರಗಿನ ಗಾಳಿಯೂ ಒಳಗೆ ಇಳಿಯಲಿಲ್ಲ. ಎದೆಯ ಮೇಲೆ ಯಾರೋ ಒದ್ದೆ ಕಂಬಳಿಯ ಗಂಟು ಇಟ್ಟ ಹಾಗೆ. ಬಾಯಿ ತೆರೆದ, ಮಾತಿಲ್ಲ. ಅವನ ಬಾಯಿಂದ ಮಾತು ಬಾರದ್ದನ್ನು ಕಂಡೇ ಕೆಲಸದವರು ಗಾಬರಿಯಾದರು. ಬಟ್ಟೆ ಸಾಗಿಸುವ ಗಾಡಿಯಲ್ಲೇ, ಗಂಟುಗಳ ಮೇಲೆ ಒರಗಿಸಿ, ಆಸ್ಪತ್ರೆಗೆ ಹೊಡೆದರು. ಹೆಂಡತಿ ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ದಾರಿಯುದ್ದಕ್ಕೂ, "ರೀ, ಕಣ್ಣು ಮುಚ್ಚಬೇಡಿ, ರೀ," ಎನ್ನುತ್ತಲೇ ಇದ್ದಳು.

ಆಮೇಲಿನದು ಅವನಿಗೆ ತುಂಡು ತುಂಡಾಗಿ ನೆನಪು. ಯಾರೋ ಬಿಳಿ ಅಂಗಿಯನ್ನು ಕತ್ತರಿಯಲ್ಲಿ ಸರ್ರನೆ ಸೀಳಿದರು. ಮೂಗು ಬಾಯಿಗೆ ಆಕ್ಸಿಜನ್ ಮುಖವಾಡ ಕಟ್ಟಿದರು. ಅದನ್ನು ಕಟ್ಟಿದ್ದೇ ತಡ, ಇನ್ನು ಸತ್ತೇ ಹೋದೆ ಎನಿಸಿ ಕಿತ್ತೆಸೆಯಲು ಹೋದ. ಆಗ ಒಬ್ಬ ನರ್ಸು ಅವನ ಎರಡೂ ಕೈ ಹಿಡಿದಳು. ಗಿಡ್ಡ ಹೆಂಗಸು, ದಪ್ಪ ಕನ್ನಡಕ, ಅವನಿಗೆ ತಂಗಿಯಾಗುವ ವಯಸ್ಸು.

"ನನ್ನ ಕಡೆ ನೋಡಿ ಯಜಮಾನ್ರೇ. ಆ ಕಡೆ ಈ ಕಡೆ ಬೇಡ, ನನ್ನೇ ನೋಡಿ. ನಾನು ಹೆಂಗೆ ಉಸಿರು ಬಿಡ್ತೀನೋ ಹಂಗೇ ಬಿಡಿ. ಹ್ಞಾ... ನಿಧಾನ. ಏನೂ ಆಗಲ್ಲ, ನಾನು ಎಲ್ಲೂ ಹೋಗಲ್ಲ."

ಹೋಗಲೂ ಇಲ್ಲ. ಡಾಕ್ಟರು ಬಂದು ಎದೆಗೆ ಯಂತ್ರದ ತಂತಿ ಅಂಟಿಸಿದರು, ಸೂಜಿ ಚುಚ್ಚಿದರು, ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂದರು, ಹೋದರು. ಆಕೆ ಒಂದು ಕೈಯಲ್ಲಿ ಅವನ ಕೈ ಹಿಡಿದು, ಇನ್ನೊಂದನ್ನು ಅವನ ಬೆನ್ನಿಗೆ ಆನಿಸಿ ನಿಂತೇ ಇದ್ದಳು. ಬೆವರಿನಲ್ಲಿ ನೆಂದ ಆ ಬೆನ್ನನ್ನು ತವರಿನವರ ಬೆನ್ನು ಎಂಬ ಹಾಗೆ ಸವರುತ್ತಿದ್ದಳು. ಎದೆಯ ಗಂಟು ಚೂರು ಚೂರೇ ಹಗುರಾಯಿತು. ಗಂಜಿಯಪ್ಪನಿಗೆ ಅಳು ಬಂತು. ಈ ತಾಯಿ ಇಲ್ಲದಿದ್ದರೆ ಇಷ್ಟು ಹೊತ್ತಿಗೆ ನನ್ನ ಕಥೆ ಮುಗಿದಿತ್ತು, ಎದ್ದು ಕೂತ ದಿನ ಈಕೆಯ ಕಾಲು ಮುಟ್ಟಬೇಕು ಎಂದುಕೊಂಡ.

"ನೀರು ಇಳಿಸೋ ಇಂಜೆಕ್ಷನ್ ಕೊಟ್ಟಿದೆ," ಎಂದಳು ಆಕೆ. "ಮೂತ್ರ ಜಾಸ್ತಿ ಹೋಗತ್ತೆ. ಹಾಸಿಗೆಯಿಂದ ಇಳಿಯೋ ಹಾಗಿಲ್ಲ. ಬೇಕು ಅನ್ನಿಸಿದ ಕೂಡ್ಲೇ ಕರೀರಿ, ಬೆಡ್‌ಪ್ಯಾನು ಕೊಡ್ತೀನಿ. ನಾಚಿಕೆ ಗೀಚಿಕೆ ಎಲ್ಲ ಹೊರಗಡೆ."

ಅವನು ತಲೆಯಾಡಿಸುವಷ್ಟರಲ್ಲಿ ವಾರ್ಡಿನ ಆ ತುದಿಯಿಂದ ಆಯಾ ಕೂಗಿದಳು: "ನೀರಮ್ಮಾ! ಕಿಟಕಿ ಹತ್ರದ ಬೆಡ್ಡಿನವರು ಕರೀತಿದಾರೆ!"

"ಬಂದೆ," ಎಂದಳು ಆಕೆ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅದೇ ತನ್ನ ಹುಟ್ಟುಹೆಸರು ಎನ್ನುವ ಹಾಗೆ ಎದ್ದು ಹೋದಳು.

ಗಂಜಿಯಪ್ಪ ಕಣ್ಣು ಮುಚ್ಚಿಕೊಂಡ. ನೆಲ ಬಾಯಿ ಬಿಟ್ಟು ನುಂಗಬಾರದೇ ಎನ್ನುತ್ತಾರಲ್ಲ, ಮಲಗಿದವನಿಗೆ ನೆಲವೂ ಸಿಗುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಾನು ಆಡಿದ ಮಾತು ಈ ಹೆಂಗಸಿನ ಕೊರಳಿಗೆ ಬಿದ್ದು ಇಷ್ಟು ವರ್ಷ ಅಲ್ಲೇ ನೇತಾಡುತ್ತಿದೆ. ತಾನು ಯಾರೆಂದು ಆಕೆಗೆ ಗೊತ್ತೋ ಇಲ್ಲವೋ. ಗೊತ್ತಿಲ್ಲದಿದ್ದರೆ ಗೊತ್ತಾಗುವುದು ಬೇಡ. ಗೊತ್ತಿದ್ದರೆ? ಗೊತ್ತಿದ್ದೂ ಆ ಬೆನ್ನು ಸವರಿದ್ದರೆ?

ಇಂಜೆಕ್ಷನ್ ಮಾತ್ರ ಇವನ ಮಾನ ಮರ್ಯಾದೆ ಕೇಳಿಕೊಂಡು ಕೆಲಸ ಮಾಡುವುದಲ್ಲ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆಯ ಕೆಳಗೆ ಬಿಗಿಯತೊಡಗಿತು. ಆಕೆ ಎರಡು ಸಲ ಮಂಚದ ಪಕ್ಕದಲ್ಲೇ ಹಾದುಹೋದಳು, ಒಂದು ಸಲ ನಿಂತು, "ಬೇಕಾ?" ಎಂದೂ ಕೇಳಿದಳು. ಇವನು ಬೇಡವೆಂದು ತಲೆಯಾಡಿಸಿದ. ಯಾವಳಿಗೆ ನೀರಮ್ಮ ಎಂದು ಹೆಸರಿಟ್ಟನೋ ಅವಳ ಕೈಯಿಂದಲೇ ಪ್ಯಾನು ಹಿಡಿಸಿಕೊಳ್ಳುವುದೇ? ಇನ್ನೇನು ಹೆಂಡತಿ ಬರುತ್ತಾಳೆ, ಅವಳಿಗೆ ಹೇಳಿದರಾಯಿತು ಎಂದು ಹಲ್ಲು ಕಚ್ಚಿದ. ಮೈಯಲ್ಲಿ ಸೂಜಿ ಚುಚ್ಚಿದರೂ ಗೊತ್ತಾಗದಷ್ಟು ಸುಸ್ತು. ಹಲ್ಲು ಕಚ್ಚಿಕೊಂಡೇ ಜೊಂಪು ಹತ್ತಿತು. ಎಚ್ಚರವಾದಾಗ ಸೊಂಟದ ಕೆಳಗೆಲ್ಲ ಬೆಚ್ಚಗಿತ್ತು.

ಅದೇನೆಂದು ಅರ್ಥವಾಗಲು ಅವನಿಗೆ ಗಳಿಗೆಯೂ ಬೇಕಾಗಲಿಲ್ಲ. ಅಷ್ಟರಲ್ಲಿ ವಾರ್ಡಿನ ಬಾಗಿಲಲ್ಲಿ ದನಿ ಕೇಳಿತು. ಹೆಂಡತಿಯದು ಒಂದು. ಇನ್ನೊಂದು ಬೀಗನದು, ಎಂದರೆ ಮಗಳ ಮಾವನದು. ಪಿಂಗಾಣಿ ಅಂಗಡಿ ಇಟ್ಟಿದ್ದ ಈ ಬೀಗನೂ ಮಾತಿನಲ್ಲಿ ಗಂಜಿಯಪ್ಪನಿಗೆ ಜೋಡಿ. ಇಬ್ಬರೂ ಕೂತರೆ ಒಬ್ಬರ ಕಾಲು ಒಬ್ಬರು ಎಳೆಯದೆ ಏಳುತ್ತಿರಲಿಲ್ಲ. ಈ ಹಾಸಿಗೆ ಅವನ ಕಣ್ಣಿಗೆ ಬಿದ್ದರೆ ಬೀಗರ ಬಳಗಕ್ಕೆಲ್ಲ ಇನ್ನು ಬೇರೆ ಮನರಂಜನೆ ಬೇಡ. ಮಗಳು ಅಲ್ಲಿ ಕೂತು ಅದನ್ನು ಕೇಳಬೇಕು. ಗಂಜಿಯಪ್ಪ ಹೊದಿಕೆಯನ್ನು ಎಳೆದುಕೊಳ್ಳಲು ನೋಡಿದ. ಹೊದಿಕೆಯೂ ನೆಂದಿತ್ತು. ಯಾಕೋ, ಮರೆತೇ ಹೋಗಿದ್ದ ಆ ಮುದುಕಿ, ಕಂಬದ ಮರೆಯಲ್ಲಿ ಪೇಪರಿನ ಗಂಟು ಹಿಡಿದು ನಿಂತವಳು, ಎದುರಿಗೇ ನಿಂತ ಹಾಗಾಯಿತು.

ನರ್ಸು ಔಷಧಿಯ ತಟ್ಟೆ ಹಿಡಿದು ಬರುತ್ತಿದ್ದಳು. ಅವನ ಮುಖ ನೋಡಿದಳು, ಹೊದಿಕೆಯ ಅಂಚು ನೋಡಿದಳು, ಬಾಗಿಲ ಕಡೆ ನೋಡಿದಳು. ತಟ್ಟೆ ಕೆಳಗಿಟ್ಟು, ಪಕ್ಕದ ಸ್ಟೂಲಿನ ಮೇಲಿದ್ದ ನೀರಿನ ಜಗ್ಗನ್ನು ಎತ್ತಿ, ಅವನ ಸೊಂಟದಿಂದ ಮೊಣಕಾಲಿನವರೆಗೆ ಸುರಿದಳು. ಆಮೇಲೆ ಜಗ್ಗನ್ನು ನೆಲಕ್ಕೆ ಬಿಟ್ಟಳು. ಸ್ಟೀಲಿನ ಜಗ್ಗು ವಾರ್ಡೆಲ್ಲ ತಿರುಗಿ ನೋಡುವ ಹಾಗೆ ಸದ್ದು ಮಾಡಿ ಉರುಳಿತು.

"ಅಯ್ಯಯ್ಯೋ! ನನ್ನ ಕೈಗಿಷ್ಟು ಬೆಂಕಿ ಬೀಳ!" ಎಂದು ಕೂಗಿದಳು. "ಪೂರ್ತಿ ನೆನೆಸಿಬಿಟ್ನಲ್ಲ ಯಜಮಾನ್ರೇ, ತಪ್ಪಾಯ್ತು!"

ಹೆಂಡತಿ ಓಡಿ ಬಂದಳು. ಹಾಸಿಗೆ ನೋಡಿದಳು. ಬೀಗನಿಗೆ ಅಡ್ಡಲಾಗಿ ನಿಂತಳು. ಆಮೇಲೆ ಅವಳ ಬಾಯಿಂದ ಎಂದೂ ಬಾರದ ಮಾತುಗಳು ಬಂದವು.

"ಏನ್ರೀ ಇದು? ಕಣ್ಣೆಲ್ಲಿಟ್ಟಿದ್ರಿ? ಸಾವಿನ ಬಾಯಿಂದ ಈಗ ಬಂದಿರೋ ಮನುಷ್ಯನ ಮೇಲೆ ಕೊಡ ನೀರು ಸುರೀತೀರಲ್ಲ, ನಿಮಗೆ ಈ ಕೆಲಸ ಕೊಟ್ಟವರು ಯಾರು? ಒಂದು ಜಗ್ಗು ಹಿಡಿಯೋಕೆ ಬರಲ್ಲ, ಜೀವ ಹಿಡೀತಾರಂತೆ!"

ಬೀಗ ಹಣ್ಣಿನ ಚೀಲ ಹಿಡಿದುಕೊಂಡೇ ಕಿಸಕ್ಕೆಂದ. "ಬೀಗ್ರೇ, ನೀವು ದಿನಾ ಹೇಳ್ತಿದ್ದ ನೀರಮ್ಮ ಇವರೇ ಏನು?"

ಅಲ್ಲಿಗೆ ಮೇಟ್ರನ್ ಬಂದರು. ಹೆಂಡತಿಯ ಮಾತು ಕೇಳಿದರು, ನೆಲದ ಮೇಲಿನ ಜಗ್ಗು ನೋಡಿದರು. "ಮತ್ತೆ ನೀರಾ? ಇದು ಎಷ್ಟನೇ ಸಲ? ಲಾಂಡ್ರಿಯವರು ನನ್ನ ಮೇಜಿನ ಮೇಲೆ ಶೀಟು ತಂದು ಹಾಕಿದಾಗೆಲ್ಲ ನಿನ್ನ ಪರವಾಗಿ ನಾನೇ ಮಾತಾಡಿದೆ. ಈಗ ಅವರ ಮೇಲೇ ಸುರಿದೆಯಾ?" ನರ್ಸು ತಲೆ ತಗ್ಗಿಸಿ, "ತಪ್ಪಾಯ್ತು ಮೇಡಂ," ಎಂದಳು. ಹೆಂಡತಿಗೂ, "ತಪ್ಪಾಯ್ತಮ್ಮ," ಎಂದಳು.

ಗಂಜಿಯಪ್ಪನ ಬಾಯಿಯ ಮುಖವಾಡ ಅಷ್ಟು ಹೊತ್ತಿಗೆ ಕೆಳಗಿಳಿದಿತ್ತು. ಮಾತಾಡುವಷ್ಟು ಉಸಿರೂ ಇತ್ತು. "ನನ್ನ ಕೈ ತಗುಲಿ ಬಿತ್ತು" ಎಂದಿದ್ದರೆ ಸಾಕಿತ್ತು. ಅದೊಂದು ಪುಟ್ಟ ಸುಳ್ಳು, ಇವನ ಮಾನಕ್ಕೂ ಧಕ್ಕೆಯಿಲ್ಲ, ಆಕೆಯ ಮಾನಕ್ಕೂ ಧಕ್ಕೆಯಿಲ್ಲ. ಬ್ಯಾಂಕ್ ಮ್ಯಾನೇಜರಿಗೆ, ಮುದುಕಿಗೆ, ಕಂಡವರಿಗೆಲ್ಲ ತಡೆಯಿಲ್ಲದೆ ಹರಿಯುವ ನಾಲಿಗೆ ಆಗ ಅಂಗುಳಿಗೆ ಅಂಟಿಕೊಂಡಿತು. ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಅದನ್ನೇ ಮೇಟ್ರನ್ ಕೋಪವೆಂದು ತಿಳಿದರು.

ಎಲ್ಲರನ್ನೂ ಆಚೆ ಕಳಿಸಿ, ಪರದೆ ಎಳೆದು, ನರ್ಸು ಹಾಸಿಗೆ ಬದಲಿಸಿದಳು. ಅವನನ್ನು ಈ ಮಗ್ಗುಲಿಗೆ ಆ ಮಗ್ಗುಲಿಗೆ ಹೊರಳಿಸಿ, ಬಿಸಿನೀರಲ್ಲಿ ಬಟ್ಟೆ ಅದ್ದಿ ಒರೆಸಿ, ಒಣಗಿದ ಶೀಟು ಹಾಸಿದಳು. ಮುಖದಲ್ಲಿ ಸಿಟ್ಟಿಲ್ಲ, ಅಸಹ್ಯವಿಲ್ಲ.

"ಸಿಸ್ಟರ್," ಎಂದ ಅವನು, "ನಾನು... ಅದು..."

"ನೀರು ಯಜಮಾನ್ರೇ," ಎಂದಳು ಆಕೆ ಮೆಲ್ಲಗೆ. "ಬರೀ ನೀರು. ಇಲ್ಲಿ ಬೀಳ್ತಾನೇ ಇರತ್ತೆ."

ನೆಂದ ಶೀಟನ್ನು ಮುದುರಿ ಬಿಳಿ ಗಂಟಿನ ಜೊತೆ ಸೇರಿಸಿದಳು. ಕೆಂಪು ಚೀಲ ಬಾಗಿಲ ಹತ್ತಿರ ಎಲ್ಲರ ಕಣ್ಣೆದುರು ನೇತಾಡುತ್ತಿತ್ತು. ಅದನ್ನು ಆಕೆ ಮುಟ್ಟಲಿಲ್ಲ. ಆಗ ಗಂಜಿಯಪ್ಪನಿಗೆ ಹೊಳೆಯಿತು. ವರ್ಷಗಟ್ಟಲೆ ಬಂದ ಆ ತೊಪ್ಪೆ ಶೀಟುಗಳು, ಒಂದೊಂದರ ಹಿಂದೆಯೂ ಗೋಡೆಯ ಕಡೆ ಮುಖ ಮಾಡಿ ಮಲಗಿದ ಒಬ್ಬೊಬ್ಬ ಮನುಷ್ಯ. ಅವರನ್ನೆಲ್ಲ ಈಕೆ ಮುಚ್ಚಿದಳು. ಮುಚ್ಚಿದ್ದಕ್ಕೆ ಆಕೆಗೆ ಸಿಕ್ಕಿದ ಬೈಗುಳವನ್ನೆಲ್ಲ ಹೊತ್ತು ತಂದು ಮೇಜಿನ ಮೇಲೆ ಧೊಪ್ಪನೆ ಹಾಕಿದವನು ತಾನು. ಕಲೆ ಓದುತ್ತೇನೆಂದು ಬೀಗಿದವನು ಓದಿದ್ದಾದರೂ ಏನು?

ಮರುದಿನ ಬೆಳಿಗ್ಗೆ ಬೇರೊಬ್ಬಳು ನರ್ಸು ಬಂದಳು. ಮೊದಲಿನವರೆಲ್ಲಿ ಎಂದರೆ, "ಅವರನ್ನ ರೋಗಿಗಳ ಹತ್ತಿರದಿಂದ ತೆಗೆದು ಬ್ಯಾಂಡೇಜ್ ರೂಮಿಗೆ ಹಾಕಿದಾರೆ," ಎಂದಳು. "ಅಲ್ಲಿ ನೀರಿಲ್ಲವಲ್ಲ," ಎಂದು ಆಯಾ ನಕ್ಕಳು.

ಮನೆಗೆ ಬಂದ ಮೇಲೆ ಗಂಜಿಯಪ್ಪನ ಉಸಿರಾಟ ಸರಿಹೋಯಿತು, ನಿದ್ದೆ ಸರಿಹೋಗಲಿಲ್ಲ. ಕಟ್ಟೆಯಲ್ಲಿ ಕೂತರೂ ಗಿರಾಕಿಯ ಬಟ್ಟೆಯನ್ನು ಬಿಚ್ಚಿ ನೋಡುತ್ತಿರಲಿಲ್ಲ, ಗಂಟು ಗಂಟಾಗಿಯೇ ಒಳಗೆ ಕಳಿಸುತ್ತಿದ್ದ. ನೋಡಲು ಬಂದವರು ನೀರಮ್ಮನ ಸುದ್ದಿ ಎತ್ತುವರು. ಬೀಗ ಬೀದಿಗೆಲ್ಲ ಹಂಚಿದ್ದ. "ಸಾಯೋನ ಬಾಯಿಗೆ ನೀರು ಬಿಡ್ತಾರೆ ಅಂತ ಕೇಳಿದ್ವಿ, ಸೊಂಟಕ್ಕೆ ಬಿಡೋದು ಇದೇ ಮೊದಲು!" ಎಂದು ಅವನ ಚಾಳಿಯಲ್ಲೇ ನಗುವರು. ತಾನು ಹಾಕಿದ ಬೀಜ ಎಷ್ಟು ಚೆನ್ನಾಗಿ ಮೊಳೆತಿದೆ ಎಂದು ಅವನು ತಲೆ ತಗ್ಗಿಸಿ ಕೂರುವನು. ಪ್ರಾಣ ಉಳಿಸಿದವಳು, ಮಾನ ಉಳಿಸಿದವಳು; ಅವಳಿಗೆ ತನ್ನಿಂದ ಸಂದದ್ದು ಎರಡೇ, ಒಂದು ಅಡ್ಡಹೆಸರು, ಇನ್ನೊಂದು ಗಡೀಪಾರು.

ಕೊನೆಗೆ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಆಸ್ಪತ್ರೆಗೆ ಹೋದ. ಬ್ಯಾಂಡೇಜ್ ರೂಮು ಹಿಂಭಾಗದಲ್ಲಿ, ಮೆಟ್ಟಿಲ ಕೆಳಗೆ. ಕಿಟಕಿಯಿಲ್ಲ. ಆಕೆ ಒಬ್ಬಳೇ ಉದ್ದ ಮೇಜಿನ ಮುಂದೆ ಕೂತು ಜಾಳುಬಟ್ಟೆ ಕತ್ತರಿಸಿ ಚೌಕ ಮಡಿಸುತ್ತಿದ್ದಳು. ಇವನನ್ನು ಕಂಡು ಎದ್ದು ನಿಂತಳು. "ಯಜಮಾನ್ರೇ, ನಡ್ಕೊಂಡು ಬಂದ್ರಾ? ಮೆಟ್ಟಿಲು ಹತ್ತಿಲ್ಲ ತಾನೇ?"

ಮೊದಲ ಮಾತೇ ಇದು. ಗಂಜಿಯಪ್ಪನಿಗೆ ಕಣ್ಣೀರು ತಡೆಯಲಾಗಲಿಲ್ಲ.

"ಲಾಂಡ್ರಿಯವನು ನಾನೇ. ಹೆಸರಿಟ್ಟವನೂ ನಾನೇ," ಎಂದ.

"ಗೊತ್ತು," ಎಂದಳು. "ನಿಮ್ಮನ್ನ ಗಾಡಿಯಿಂದ ಇಳಿಸುವಾಗಲೇ ಗೊತ್ತಾಯ್ತು. ಗಾಡಿ ಮೇಲೆ ಬರ್ದಿದೆಯಲ್ಲ."

"ಗೊತ್ತಿದ್ದೂ..." ಎಂದ. ಅಂಗಿಯ ತೋಳಿನಲ್ಲೇ ಕಣ್ಣು ಒರೆಸಿಕೊಂಡು, "ನಾನೀಗ ಮೇಟ್ರನ್ ಅಮ್ಮನ ಹತ್ರ ಹೋಗಿ ನಿಜ ಹೇಳಿಬಿಡ್ತೀನಿ ಸಿಸ್ಟರ್. ಹಾಸಿಗೆ ಹಾಳು ಮಾಡಿದವನು ನಾನು, ನೀವು ನನ್ನ ಮಾನ ಕಾಪಾಡಿದಿರಿ ಅಂತ ಎಲ್ಲರ ಮುಂದೆ ಹೇಳ್ತೀನಿ," ಎಂದ.

ಆಕೆ ಗಾಬರಿಯಾಗಿ ಕತ್ತರಿ ಕೆಳಗಿಟ್ಟಳು. "ಅದೊಂದು ಮಾಡಬೇಡಿ, ನಿಮ್ಮ ದಮ್ಮಯ್ಯ. ನೀವು ದೊಡ್ಡ ಮನುಷ್ಯರು, ಹೇಳಿ ಹಗುರಾಗ್ತೀರಿ. ನಾಳೆ ಇನ್ನೊಬ್ಬರ ಹಾಸಿಗೆ ಮೇಲೆ ಜಗ್ಗು ಬಿದ್ರೆ ಏನಾಗತ್ತೆ? ಎಲ್ಲರಿಗೂ ಅರ್ಥ ಆಗತ್ತೆ. ಸೊಸೆ ಎದುರು ಮಾವ, ಅಳಿಯನ ಎದುರು ಅತ್ತೆ... ಅವರನ್ನ ನಾನು ಹೆಂಗೆ ಮುಚ್ಚಲಿ? ನನ್ನ ಹತ್ರ ಇರೋದು ಅದೊಂದೇ ಉಪಾಯ."

ಹೇಳಿ ಹಗುರಾಗುತ್ತೀರಿ ಎಂಬ ಮಾತು ನಾಟಿತು. ಹಗುರಾಗಲೆಂದೇ ಅವನು ಬಂದಿದ್ದ. ಅದು ಆಕೆಗೆ ಹೇಗೆ ಕಂಡಿತೋ ಎಂದು ಅವನಿಗೆ ಇನ್ನಷ್ಟು ನಾಚಿಕೆಯಾಯಿತು. ಆಕೆಗೆ ಕೈ ಮುಗಿದು, ನೆಟ್ಟಗೆ ಮೇಟ್ರನ್ ಕೋಣೆಗೆ ಹೋದ.

"ಅಮ್ಮಾ, ಅವತ್ತು ಜಗ್ಗು ಬೀಳಿಸಿದ್ದು ನಾನು. ಕೈ ಬೀಸಿದಾಗ ತಗುಲಿತು. ಆ ನರ್ಸಮ್ಮ ನನ್ನ ಮೇಲೆ ಮಾತು ಬರದಿರಲಿ ಅಂತ ತಮ್ಮ ಮೇಲೆ ಹಾಕ್ಕೊಂಡ್ರು."

ಮೇಟ್ರನ್ ಕನ್ನಡಕದ ಮೇಲಿಂದ ನೋಡಿದರು. "ಸರಿ, ಅದೊಂದು ದಿನದ ಮಾತು. ಇಷ್ಟು ವರ್ಷ ನೀವು ತಂದು ಹಾಕಿದ ಶೀಟುಗಳು? ಅವೂ ನಿಮ್ಮ ಕೈ ತಗುಲಿ ನೆಂದವೇ?"

ಇದಕ್ಕೆ ಅವನು ತಯಾರಾಗಿ ಬಂದಿರಲಿಲ್ಲ. ಲಾಂಡ್ರಿ ಶುರುಮಾಡಿದಾಗಿನಿಂದ ಅವನ ಕೆಲಸದ ಮೇಲೆ ಒಂದು ಚುಕ್ಕೆ ಬಿದ್ದದ್ದಿಲ್ಲ. ಅವನಿಗೆ ಇದ್ದ ಆಸ್ತಿ ಅದೊಂದೇ.

"ಹೌದಮ್ಮ. ನಮ್ಮ ಗಾಡಿಯ ಟಾರ್ಪಾಲು ಹರಿದಿದೆ. ನೀರಿನ ಡ್ರಮ್ಮೂ ಅದರಲ್ಲೇ ಸಾಗಿಸ್ತೀವಿ. ಅದು ತುಳುಕಿ ಪಕ್ಕದಲ್ಲೇ ಇರೋ ಮೂರನೇ ವಾರ್ಡಿನ ಗಂಟು ನೆನೀತಿತ್ತು. ನಮ್ಮ ಹುಳುಕು ಮುಚ್ಚೋಕೆ ಅವರ ಮೇಲೆ ಗೂಬೆ ಕೂರಿಸಿದೆ."

ಮೇಟ್ರನ್ ಎದ್ದು ನಿಂತರು. ಆಮೇಲೆ ಅವರು ಬೈದದ್ದನ್ನು ಇಲ್ಲಿ ಬರೆಯುವುದು ಬೇಡ. ನಾಚಿಕೆಗೆಟ್ಟವನೇ ಎಂಬುದು ಅದರಲ್ಲಿ ಅತ್ಯಂತ ಮೆತ್ತಗಿನ ಮಾತು. ಬೈದು ಸಾಲದೆ ಅವನನ್ನು ಮೂರನೇ ವಾರ್ಡಿಗೆ ಕರೆದುಕೊಂಡು ಹೋಗಿ, ನರ್ಸುಗಳು, ಆಯಾಗಳು, ಎಚ್ಚರವಿದ್ದ ರೋಗಿಗಳು ಎಲ್ಲರ ಎದುರು ಅದನ್ನೇ ಇನ್ನೊಮ್ಮೆ ಹೇಳಿಸಿದರು. ಅವನು ಹೇಳಿದ. ಗಂಜಿ ಹಾಕಿದ ಬೆನ್ನು ಅವತ್ತು ಬಾಗಿತು. "ಹಂಗಾದ್ರೆ ಇನ್ಮೇಲೆ ನೀರಪ್ಪ!" ಎಂದಳು ಹಿಂದಿನ ಸಾಲಿನ ಆಯಾ. ವಾರ್ಡೆಲ್ಲ ನಕ್ಕಿತು. ಆ ನಗು ಹೇಗಿರುತ್ತದೆಂದು ಅವನು ಮೊದಲ ಸಲ ಈ ಕಡೆ ನಿಂತು ಕೇಳಿದ.

ಅವನು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ಶೀಟು ತರಲು ಹೋಗಿದ್ದ ಕೆಲಸದವರು ಕೇಳಿಸಿಕೊಂಡು ಬಂದಿದ್ದರು. ಹೆಂಡತಿ ಹಿಂದಿನ ಕೋಣೆಯಲ್ಲಿ ಆಸ್ಪತ್ರೆಯ ಗಂಟಿನ ಎದುರು ಕೂತಿದ್ದಳು. ಬಿಚ್ಚಿರಲಿಲ್ಲ.

"ಟಾರ್ಪಾಲು ಹರಿದಿದೆ ಅಂದ್ರಂತೆ," ಎಂದಳು.

"ಹ್ಞೂ."

"ಹೋದ ತಿಂಗಳು ಹೊಸದು ನಾನೇ ಕೂತು ಹೊಲಿದು ಹಾಕಿದೀನಿ. ನೀರಿನ ಡ್ರಮ್ಮು ಆ ಗಾಡಿಗೆ ಹತ್ತಿದ್ದೇ ಇಲ್ಲ."

ಗಂಜಿಯಪ್ಪ ಗೋಡೆಗೆ ಒರಗಿ ಕೂತ. ಇವಳಿಗಾದರೂ ಹೇಳಿಬಿಡಬೇಕು ಎನಿಸಿತು. "ಲೇ, ನಿನಗೊಂದು ಮಾತು ಹೇಳಬೇಕು. ಅವತ್ತು ಆ ಹಾಸಿಗೆ ಮೇಲೆ ಬಿದ್ದದ್ದು..."

"ಗೊತ್ತು," ಎಂದಳು ಅವಳು.

ಅವಳು ಗಂಟನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಮದುವೆಯಾಗಿ ಬಂದಾಗಿನಿಂದ ಊರವರ ಹಾಸಿಗೆ ಬಟ್ಟೆ ಬಿಡಿಸ್ತಿದೀನಿ. ಮೇಲೆ ನೀರು ಸುರಿದ ಮಾತ್ರಕ್ಕೆ ನನ್ನ ಮೂಗಿಗೆ ಗೊತ್ತಾಗಲ್ವಾ? ಆ ವಾರ್ಡಿನ ಮೊದಲನೇ ಶೀಟು ಬಂದಾಗಲೇ ಗೊತ್ತಾಯ್ತು, ಯಾರೋ ಪುಣ್ಯಾತ್ಗಿತ್ತಿ ಯಾರದೋ ಮಾನ ಮುಚ್ತಿದಾಳೆ ಅಂತ. ನಿಮಗೆ ಹೇಳಿದ್ರೆ ಕಟ್ಟೆ ಮೇಲೆ ನಾಳೆಗೇ ನಾಟಕ ಆಗ್ತಿತ್ತು. ನಿಮ್ಮ ಬಾಯಿಗೆ ಹೆದರಿ ನೀರು ಅಂದೆ. ನೀವು ಅವಳನ್ನ ಆಡ್ಕೊಂಡಾಗೆಲ್ಲ, ಆಡ್ಕೊಳ್ಳಲಿ, ರೋಗಿಗಳಾದ್ರೂ ಉಳೀಲಿ ಅಂತ ಸುಮ್ನಿದ್ದೆ."

"ಮತ್ತೆ ಅವತ್ತು... ಅಷ್ಟೊಂದು ಬೈದೆಯಲ್ಲೇ?"

"ಬೀಗರು ಬೆನ್ನ ಹಿಂದೆ ನಿಂತಿದ್ರು. ನಾನು ಬೈಯದಿದ್ರೆ ಅವರು ಹಾಸಿಗೆ ನೋಡ್ತಿದ್ರು. ಬೈದ್ರೆ ಅವಳನ್ನ ನೋಡ್ತಾರೆ." ಅವಳ ದನಿ ಒಡೆಯಿತು. "ಅವಳು ಜಗ್ಗು ಎತ್ತಿದ್ದನ್ನ ಬಾಗಿಲಿಂದಲೇ ನೋಡಿದ್ದೆ ಕಣ್ರೀ. ನನ್ನ ಗಂಡನ ಮಾನ ಕಾಯ್ತಿದಾಳೆ ಅಂತ ಗೊತ್ತಿತ್ತು. ಗೊತ್ತಿದ್ದೂ ಅವಳ ಹೊಟ್ಟೆಪಾಡಿಗೇ ಕೈ ಹಾಕೋ ಮಾತಾಡಿದೆ. ಮೇಟ್ರನ್ ಬರ್ತಾರೆ, ಇಷ್ಟು ದೂರ ಹೋಗತ್ತೆ ಅಂತ ಅಂದ್ಕೊಂಡಿರಲಿಲ್ಲ. ನೀವು ಗೊತ್ತಿಲ್ಲದೆ ಆಡಿದೋರು. ಇವತ್ತು ಹೋಗಿ ತಲೆನಾದ್ರೂ ತಗ್ಗಿಸಿ ಬಂದ್ರಿ. ನಾನು ಯಾವ ಮುಖ ಇಟ್ಕೊಂಡು ಅವಳ ಹತ್ರ ಹೋಗ್ಲಿ?"

ಈ ಹೆಂಗಸು ಇಷ್ಟು ವರ್ಷ ಪಕ್ಕದಲ್ಲೇ ಕೂತು, ತನ್ನ ಬಾಯಿಗೆ ಹೆದರಿ, ಇಷ್ಟನ್ನು ನುಂಗಿಕೊಂಡಿದ್ದಳು. ಅವನು ಕೈ ಊರಿ ಎದ್ದ.

"ಬಾ, ಇಬ್ಬರೂ ಹೋಗೋಣ."

"ಹೋಗಿ? ಏನಂತ ಹೇಳೋದು?"

"ಏನೂ ಹೇಳೋದು ಬೇಡ. ಹೇಳೋದು ಅವಳಿಗೆ ಬೇಕಾಗಿಲ್ಲ. ಅವಳ ಎದುರು ಒಂದು ಸಲ ನಿಂತು ಬರೋಣ."

ಅವಳು ಗಂಟನ್ನು ಪಕ್ಕಕ್ಕೆ ಸರಿಸಿ ಎದ್ದಳು. ಆಮೇಲೆ ಮುಖ ತೊಳೆದುಕೊಂಡು ಬಂದು, ಬಾಗಿಲ ಮೂಲೆಯಲ್ಲಿ ಚಪ್ಪಲಿ ಹುಡುಕತೊಡಗಿದಳು.